ಇತರೆ ಬಾಬ್ತಿನ ಭಾವ

ಮನುಷ್ಯನಿಗೆ ಜ್ವರ ಬರಲಿ, ನೆಗಡಿ ಬರಲಿ, ಹೇಳದೆ ಕೇಳದೆ ನೆಂಟರು ಬರಲಿ, ಹೇಗೋ ತಡೆದುಕೊಳ್ಳಬಹುದು. ಒಂದು ದಿನದ ತರಬೇತಿಗೆ ಹೋಗಿ ಜ್ಞಾನ ಮಾತ್ರ ಬರಬಾರದು. ನಮ್ಮ ಭಾವನಿಗೆ ಬಂತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಪುರಸಭೆಯ ಲೆಕ್ಕಪತ್ರ ವಿಭಾಗದಲ್ಲಿ, ಮುಚ್ಚಲು ಬಾರದ ಕಿಟಕಿಯ ಪಕ್ಕದ ಮೇಜು ಅವರದು. ಬಂದ ಬಿಲ್ಲುಗಳನ್ನು ಬಾಬ್ತುವಾರು ವಿಂಗಡಿಸಿ, ಗುಂಡುಸೂಜಿ ಚುಚ್ಚಿ, ಅಕೌಂಟೆಂಟರ ಮುಂದಿಡುವುದು ಅವರ ಕೆಲಸ. ಬೀದಿದೀಪದ ಖರ್ಚು ದೀಪದ ಬಾಬ್ತಿಗೆ ಹೋಗಬೇಕು, ಚರಂಡಿಯದು ಚರಂಡಿಯ ಬಾಬ್ತಿಗೆ. ಯಾವ ಬಾಬ್ತಿಗೂ ಸೇರದೆ ಉಳಿದದ್ದೆಲ್ಲ ಕೊನೆಯ ಸಾಲಿನ ‘ಇತರೆ’ ಎಂಬುದಕ್ಕೆ. ಈ ಕೆಲಸವನ್ನು ಅವರು ಇಪ್ಪತ್ತೆರಡು ವರ್ಷ ತಪ್ಪಿಲ್ಲದೆ ಮಾಡಿದರು, ಏಕೆಂದರೆ ಅದರಲ್ಲಿ ಯೋಚನೆ ಮಾಡುವ ಅವಕಾಶವೇ ಇರಲಿಲ್ಲ. ನನ್ನ ಜೆರಾಕ್ಸ್ ಅಂಗಡಿ ಪುರಸಭೆಯ ಗೇಟಿನ ಎದುರಿಗೇ ಇದೆ. ಆ ಕಚೇರಿಯ ಮೂರ್ಖತನವೆಲ್ಲ ಮೂರು ಮೂರು ಪ್ರತಿಯಾಗಿ ನನ್ನ ಯಂತ್ರದಿಂದಲೇ ಹೊರಗೆ ಬರುತ್ತದೆ. ಆದ್ದರಿಂದ ನಾನು ಹೇಳುವುದು ಕೇಳಿದ ಮಾತಲ್ಲ, ಕಂಡ ಮಾತು.

ತರಬೇತಿಗೆ ಹೋಗಬೇಕಾದವರು ಅಕೌಂಟೆಂಟರು. ಅವರಿಗೆ ಹಲ್ಲುನೋವು ಎದ್ದು ಕೆನ್ನೆ ಊದಿಕೊಂಡಿತು. ಬದಲಿಗೆ ಯಾರನ್ನು ಕಳಿಸುವುದು ಎಂದು ನೋಡಿದರೆ, ಆ ದಿನ ಇಲ್ಲದಿದ್ದರೂ ನಡೆಯುವಂಥವರು ಭಾವ ಒಬ್ಬರೇ. ಹೋದರು. ಬರುವಾಗ ಒಂದು ಚೀಲ, ಒಂದು ಪೆನ್ನು, ‘ವೆಚ್ಚ ನಿಯಂತ್ರಣ’ ಎಂಬ ಎರಡು ಪದಗಳನ್ನು ತಂದರು. ಪೆನ್ನು ಮರುದಿನವೇ ಕೈಕೊಟ್ಟಿತು. ಪದಗಳು ಕೈಕೊಡಲಿಲ್ಲ.

“ಈ ಮನೇಲಿ ಖರ್ಚಿಗೆ ತಲೆಬುಡ ಇಲ್ಲ ಕಣೇ” ಎಂದು ಅಂದು ಊಟಕ್ಕೆ ಕೂತಾಗಲೇ ಶುರು ಮಾಡಿದರು. “ಪ್ರತಿ ಖರ್ಚಿಗೂ ಒಂದು ಕಾರಣ ಇರ್ಬೇಕು.”

“ನಿಮಗೆ ಇಷ್ಟು ವರ್ಷ ಬಡಿಸಿದ್ದಕ್ಕೆ ನಾನೂ ಕಾರಣ ಹುಡುಕ್ತಾ ಇದೀನಿ” ಎಂದಳು ಅಕ್ಕ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಅಳತೆಗಿಂತ ಹೆಚ್ಚು ಮಾತಾಡುವುದಿಲ್ಲ.

ಮನೆಯಲ್ಲಿ ಬೇಳೆ ಬೇಯಲಿಲ್ಲ ಎಂದು ಭಾವ ಊರಿನ ಕಡೆ ತಿರುಗಿದರು. ಊರಿಗೆ ಉಪಕಾರ ಮಾಡಲು ಹೊರಟವನನ್ನು ತಡೆಯುವವರು ಯಾರು? ಆ ವಾರವೇ ಬಜೆಟ್ ಸಭೆ ಇತ್ತು.

ಪ್ರತಿಗಳನ್ನು ಹಂಚಲು ನಾನೂ ಸಭಾಂಗಣದಲ್ಲಿದ್ದೆ. ಆ ವರ್ಷ ಬರುವ ದುಡ್ಡಿಗಿಂತ ಹೋಗುವ ದುಡ್ಡು ಹೆಚ್ಚಾಗಿತ್ತು. ಕೊರತೆ ತೋರಿಸಿದರೆ ಬಜೆಟ್ ವಾಪಸ್ ಎಂದು ಮೇಲಿನಿಂದ ಪತ್ರ ಬಂದಿತ್ತು. ಏನಾದರೂ ಕಡಿಯಲೇಬೇಕು. ದೀಪ ಕಡಿಯೋಣ ಎಂದರೆ ದೀಪದ ಕಡೆಯ ಸದಸ್ಯರು ಮೇಜು ಕುಟ್ಟಿದರು. ಚರಂಡಿ ಕಡಿಯೋಣ ಎಂದರೆ ಚರಂಡಿಯ ಕಡೆಯವರು ಕುರ್ಚಿ ಎತ್ತಿದರು. ಅಧ್ಯಕ್ಷೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಆಗ, ಕಡತ ಹಿಡಿದು ಗೋಡೆಗೆ ಒರಗಿ ನಿಂತಿದ್ದ ನಮ್ಮ ಭಾವ ಗಂಟಲು ಸರಿಮಾಡಿಕೊಂಡರು.

“ಮೇಡಂ, ಈ ‘ಇತರೆ’ ಅಂದ್ರೆ ಏನು?”

ಸಭೆ ತಿರುಗಿ ನೋಡಿತು. ಗೋಡೆ ಮಾತಾಡಿದ್ದರೂ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ.

“ಹೆಸರು ಹೇಳೋಕೆ ಬಾರದ ಖರ್ಚು, ಅಷ್ಟೇ ತಾನೇ?” ಎಂದರು ಭಾವ, ತರಬೇತಿಯ ಮೇಷ್ಟರ ಹಾಗೆ ಬೆರಳೆತ್ತಿ. “ಹೆಸರೇ ಇಲ್ಲದ್ದು ನಿಂತುಹೋದ್ರೆ ಅಳೋಕೆ ಯಾರಿದಾರೆ? ತೆಗೆದುಬಿಡಿ ಮೇಡಂ. ಲೆಕ್ಕ ಸರಿಹೋಗುತ್ತೆ.”

ಚಪ್ಪಾಳೆ ಬಿತ್ತು. ದೀಪದವರೂ ಚರಂಡಿಯವರೂ ಜನ್ಮದಲ್ಲಿ ಮೊದಲ ಬಾರಿ ಒಟ್ಟಿಗೆ ಕೈ ತಟ್ಟಿದರು. ಅಕೌಂಟೆಂಟರು ಮಾತ್ರ ಎದ್ದು ನಿಂತು, ಎರಡೂ ಕೈ ಬೀಸುತ್ತ, “ಊಂ! ಊಂ ಊಂ!” ಎಂದರು. ಅಂದು ಬೆಳಿಗ್ಗೆಯಷ್ಟೇ ಹಲ್ಲು ಕೀಳಿಸಿಕೊಂಡು ಬಾಯಿ ತುಂಬ ಹತ್ತಿ ಇಟ್ಟುಕೊಂಡಿದ್ದರು.

“ನೋಡಿ, ಅಕೌಂಟೆಂಟರೂ ಹೂಂ ಅಂತಿದಾರೆ” ಎಂದರು ಅಧ್ಯಕ್ಷೆ. ಸರ್ವಾನುಮತದಿಂದ ಪಾಸಾಯಿತು.

ಭಾವ ಅಂದು ನೇರ ದಾರಿ ಬಿಟ್ಟು, ಪೇಟೆಯನ್ನೆಲ್ಲ ಸುತ್ತಿ ಮನೆಗೆ ಹೋದರು. ಸಿಕ್ಕವರಿಗೆಲ್ಲ ವೆಚ್ಚ ನಿಯಂತ್ರಣ ವಿವರಿಸಿದರು. ನಮ್ಮ ಬೀದಿಯ ಮೂಲೆಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ದಪ್ಪನೆಯ ಯಜಮಾನರು, “ನಮ್ಮ ಬೀದೀಲೇ ಇಂಥ ತಲೆ ಇದೆ ಅಂತ ಗೊತ್ತೇ ಇರಲಿಲ್ಲ” ಎಂದು ಕೂರಲು ಸ್ಟೂಲು ಕೊಟ್ಟರು. ನೆನಪಿಡಿ, ಭಾವನಿಗೆ ಆ ಬೀದಿಯಲ್ಲಿ ಯಾರಾದರೂ ಸ್ಟೂಲು ಕೊಟ್ಟದ್ದು ಅದೇ ಮೊದಲು.

ಹೊಸ ವರ್ಷದ ಲೆಕ್ಕ ಶುರುವಾಯಿತು. ತಿಂಗಳ ಕೊನೆಗೆ ಎಲ್ಲರಿಗೂ ಸಂಬಳ ಬಂತು, ಭಾವನಿಗೆ ಬರಲಿಲ್ಲ. ಸಂಬಳದ ಬಿಲ್ಲನ್ನು ಅಕೌಂಟೆಂಟರೇ ಮಾಡುವುದು, ಅದು ಭಾವನ ಮೇಜಿಗೆ ಬರುವುದಿಲ್ಲ. ಬ್ಯಾಂಕಿನವರು ತಪ್ಪು ಮಾಡಿರಬೇಕು ಎಂದು ಭಾವ ಎರಡು ದಿನ ಬ್ಯಾಂಕಿನವರನ್ನು ಬೈದರು. ಆಮೇಲೆ ಅಕೌಂಟೆಂಟರ ಮುಂದೆ ಹೋಗಿ ನಿಂತರು.

“ಸಾರ್, ನನ್ನ ಸಂಬಳ?”

“ನಿಮ್ಮದು ಇತರೇಲಿ ಇತ್ತಲ್ಲಯ್ಯಾ.”

“ಇತರೇಲಿ ಯಾಕಿರುತ್ತೆ ಸಾರ್? ನಾನು ಸಿಬ್ಬಂದಿ.”

ಅಕೌಂಟೆಂಟರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ ಪಾಪ. “ಊರಿನ ತಳ್ಳುಗಾಡಿ ಎಣಿಸೋಕೆ ಅಂತ ನಿಮ್ಮನ್ನ ಹಂಗಾಮಿಯಾಗಿ ತಗೊಂಡಿದ್ವಿ, ನೆನಪಿದೆಯಾ? ಗಾಡಿ ಎಣಿಸಿ ಮುಗೀತು. ನಿಮಗೆ ಹೋಗಿ ಅಂತ ಹೇಳೋದು ಎಲ್ಲರಿಗೂ ಮರೆತುಹೋಯ್ತು. ನೀವೂ ಬರ್ತಾನೇ ಇದ್ರಿ. ಹಾಗೇ ಇತರೇಲಿ ನಡೀತಾ ಇತ್ತು.”

“ಸಭೇಲಿ ಒಂದು ಮಾತು ಹೇಳಬಾರದಿತ್ತಾ ಸಾರ್?”

“ಬಡಕೊಂಡ್ನಲ್ಲಯ್ಯಾ! ಬಾಯಲ್ಲಿ ಹತ್ತಿ ಇದ್ದಾಗ ಅದಕ್ಕಿಂತ ಸ್ಪಷ್ಟವಾಗಿ ಹ್ಯಾಗಯ್ಯಾ ಬೇಡ ಅನ್ನೋದು?”

ಕೂತ ಕೊಂಬೆಯನ್ನೇ ಕಡಿದವರ ಕಥೆ ಎಲ್ಲರೂ ಕೇಳಿದ್ದೇವೆ. ಕಡಿದದ್ದಕ್ಕೆ ಚಪ್ಪಾಳೆ ಗಿಟ್ಟಿಸಿದವರು ನಮ್ಮ ಭಾವ ಒಬ್ಬರೇ. ನಗಬೇಡಿ. ಮನೆ ಬಾಡಿಗೆ, ಮಗಳ ನರ್ಸಿಂಗ್ ಓದು, ಎರಡೂ ಆ ಒಂದು ಸಂಬಳದ ಮೇಲೆ ನಿಂತಿದ್ದವು. ಅಕ್ಕನ ಹೊಲಿಗೆಯಿಂದ ಬರುವುದು ಅಡುಗೆಮನೆಯ ಬಾಗಿಲು ದಾಟುತ್ತಿರಲಿಲ್ಲ.

ಇತರೆಯಲ್ಲಿ ಭಾವ ಒಬ್ಬರೇ ಇದ್ದಿದ್ದರೆ ವಿಷಯ ಮನೆಯೊಳಗೇ ಉಳಿಯುತ್ತಿತ್ತು. ನಮ್ಮ ಬೀದಿಗೆ ನೀರು ಬಿಡುವವನೂ ಇತರೆಯಲ್ಲೇ ಇದ್ದ. ಅವನು ವಾಲ್ವ್ ತಿರುಗಿಸುವ ಕಬ್ಬಿಣದ ಸರಳನ್ನು ಗೋಡೆಗೆ ಒರಗಿಸಿ, “ಸಂಬಳ ಬಂದಾಗ ನೀರು ಬರುತ್ತೆ” ಎಂದು ಮಗಳ ಮನೆಗೆ ಹೊರಟುಹೋದ. ಮರುದಿನ ಖಾಲಿ ಕೊಡಗಳು ಭಾವನ ಮನೆ ಮುಂದೆ ಸಾಲಾಗಿ ಬಂದು ಕೂತವು. ಕೊಡಗಳ ಹಿಂದೆ ಬೀದಿ ಇತ್ತು.

“ನಿಮ್ಮ ಯಜಮಾನ್ರು ಊರು ಉದ್ಧಾರ ಮಾಡಿದ್ರಂತಲ್ಲ” ಎಂದರು ಎದುರುಮನೆಯ ನಿವೃತ್ತ ಟೀಚರಮ್ಮ, ಅಕ್ಕನಿಗೆ. “ಸ್ನಾನ ಮಾಡದೆ ಉದ್ಧಾರ ಆಗೋದು ಹ್ಯಾಗೆ ಅಂತ ಅವರನ್ನೇ ಕೇಳಿ ಹೇಳಿ.”

ಸೈಕಲ್ ಅಂಗಡಿಯ ಯಜಮಾನರು ಸ್ಟೂಲು ಒಳಗೆ ಎತ್ತಿಟ್ಟರು.

ಭಾವ ಮುಖ್ಯಾಧಿಕಾರಿಗಳ ಕೋಣೆಗೆ ಓಡಿದರು. ಜೊತೆಗೆ ಧೈರ್ಯಕ್ಕೆ ನಾನು.

“ಸಾರ್, ಇತರೆ ವಾಪಸ್ ಹಾಕಿ ಸಾರ್. ನನ್ನಿಂದ ತಪ್ಪಾಯ್ತು.”

“ತಪ್ಪಾ?” ಮುಖ್ಯಾಧಿಕಾರಿಗಳು ಕುರ್ಚಿಯಿಂದ ಅರ್ಧ ಎದ್ದರು. “ರೀ, ಇತರೆ ಇಲ್ಲದ ಬಜೆಟ್ ಅಂತ ಮೇಲಿನವರು ನಮ್ಮನ್ನ ಮಾದರಿ ಮಾಡಿದಾರೆ. ಬೇರೆ ಊರಿನವರು ನೋಡೋಕೆ ಬರ್ತಿದಾರೆ. ಈಗ ವಾಪಸ್ ಹಾಕಿದ್ರೆ ನನ್ನ ಬಡ್ತಿ ವಾಪಸ್ ಹೋಗುತ್ತೆ. ಅವರಿಗೆ ವಿವರಿಸೋಕೆ ನಿಮ್ಮನ್ನೇ ಹಾಕಿದೀನಿ, ಇಸ್ತ್ರಿ ಶರ್ಟು ಹಾಕ್ಕೊಂಡು ಬನ್ನಿ.”

“ನನ್ನ ಸಂಬಳ ಸಾರ್?”

“ಯಾವ ಬಾಬ್ತಲ್ಲಿ ದುಡ್ಡು ಉಳಿದಿದೆಯೋ ಅಲ್ಲಿ ಸೇರ್ಕೊಳ್ಳಿ. ನಾನು ನೋಡಿಲ್ಲ ಅಂದ್ಕೊಳ್ತೀನಿ.”

ಅಂದಿನಿಂದ ಭಾವ ತಮ್ಮ ಸಂಬಳಕ್ಕೆ ಬಾಡಿಗೆ ಕೋಣೆ ಹುಡುಕುವವರ ಹಾಗೆ ವಿಭಾಗದಿಂದ ವಿಭಾಗಕ್ಕೆ ಅಲೆದರು. ಇಂಜಿನಿಯರಿಗೆ ಕರುಣೆ ಬಂತು. ರಸ್ತೆಗುಂಡಿ ಮುಚ್ಚುವ ಬಾಬ್ತಿನಲ್ಲಿ ಸ್ವಲ್ಪ ಉಳಿದಿತ್ತು. ಭಾವನ ಒಂದು ತಿಂಗಳ ಸಂಬಳಕ್ಕೆ ಮೂರು ಗುಂಡಿ ಸರಿಹೋಗುತ್ತಿತ್ತು. ಆದರೆ ಗುಂಡಿ ಮುಚ್ಚಿದ್ದಕ್ಕೆ ಫೋಟೊ ಬೇಕು, ಮೊದಲು ಒಂದು, ಆಮೇಲೆ ಒಂದು.

“ಲೋ, ನಿನ್ನ ಫೋನು ತಗೊಂಡು ಬಾ” ಎಂದರು ಭಾವ ನನಗೆ.

ನಮ್ಮ ಬೀದಿಯಲ್ಲೇ ಬೇಕಾದಷ್ಟು ಗುಂಡಿ ಇದ್ದವು. ಮೊದಲಿನ ಫೋಟೊ ಸುಲಭ. ಆಮೇಲಿನದಕ್ಕೆ ಭಾವ ಸ್ವತಃ ಗುಂಡಿಯೊಳಗೆ ಇಳಿದು, ಚಾಪೆಯೊಂದನ್ನು ಸುತ್ತ ಹಾಸಿಕೊಂಡು, ಸೊಂಟದ ಮೇಲಷ್ಟೇ ಕಾಣುವಂತೆ ನಿಂತು ಮುಗುಳ್ನಕ್ಕರು. ಫೋಟೊದಲ್ಲಿ ನೋಡಿದರೆ ಗುಂಡಿ ಕಾಣುತ್ತಿರಲಿಲ್ಲ, ಬಹಳ ಕುಳ್ಳಗಿನ ಒಬ್ಬ ಅಧಿಕಾರಿ ಚಾಪೆಯ ಮೇಲೆ ನಿಂತಂತೆ ಕಾಣುತ್ತಿತ್ತು. ಬಿಲ್ಲು ಪಾಸಾಯಿತು. ಭಾವ ಬಾಡಿಗೆ ಕಟ್ಟಿದರು.

ಮುಂದಿನ ವಾರ ಸೈಕಲ್ ಅಂಗಡಿಯ ಯಜಮಾನರು, ಪುರಸಭೆಯ ಲೆಕ್ಕದಲ್ಲಿ ಮುಚ್ಚಿದ್ದ ಆ ಗುಂಡಿಯಲ್ಲೇ ಬಿದ್ದು ಕಾಲು ಉಳುಕಿಸಿಕೊಂಡರು. ಕುಂಟುತ್ತ ದೂರು ಕೊಡಲು ಹೋದರೆ, ಇಂಜಿನಿಯರು ಫೋಟೊ ತೋರಿಸಿ, “ಇಲ್ಲಿ ಗುಂಡಿ ಇಲ್ವಲ್ಲ, ನೀವು ಎಲ್ಲಿ ಬಿದ್ರಿ?” ಎಂದರು. ಯಜಮಾನರು ಫೋಟೊವನ್ನೂ ನೋಡಿದರು, ಅದರಲ್ಲಿ ಹಲ್ಲು ಕಿರಿಯುತ್ತಿದ್ದ ಭಾವನನ್ನೂ ನೋಡಿದರು. ಆಮೇಲೆ ಅವರು ಆಡಿದ ಮಾತನ್ನು ನಾನು ಇಲ್ಲಿ ಬರೆಯಲಾರೆ. ಇಂಜಿನಿಯರು ಭಾವನನ್ನು ಕರೆದು, ಇನ್ನು ನನ್ನ ಬಾಬ್ತಿನ ಹತ್ತಿರ ಸುಳಿಯಬೇಡಿ ಎಂದರು.

ಎರಡನೆಯ ತಿಂಗಳು ಬೀದಿನಾಯಿ ನಿಯಂತ್ರಣ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಡಿದ ನಾಯಿಗಳನ್ನು ಎಣಿಸಿ ತೋರಿಸಬೇಕಿತ್ತು, ಭಾವನಿಗೆ ನಾಯಿ ಎಂದರೆ ಭಯ. ಬನ್ನು ಹಾಕಿ ಪುಸಲಾಯಿಸಿದರು. ನಾಯಿಗಳು ಪ್ರೀತಿಯಿಂದ ಹಿಂದೆಯೇ ಬಂದು ಕಚೇರಿಯಲ್ಲಿ ನೆಲೆಸಿದವು, ಬೇರೆ ಬೀದಿಯ ನೆಂಟರನ್ನೂ ಕರೆಸಿಕೊಂಡವು. ಮಾದರಿ ಬಜೆಟ್ ನೋಡಲು ಬೇರೆ ಊರಿನವರು ಬಂದ ದಿನ, ಭಾವ ಇಸ್ತ್ರಿ ಶರ್ಟು ತೊಟ್ಟು ಇತರೆ ಇಲ್ಲದೆ ಊರು ಹೇಗೆ ಸುಖವಾಗಿದೆ ಎಂದು ವಿವರಿಸುತ್ತಿರುವಾಗಲೇ, ಮೇಜಿನ ಕೆಳಗಿದ್ದ ಒಂದು ನಾಯಿ ಮುಖ್ಯಾಧಿಕಾರಿಗಳ ಮೀನಖಂಡಕ್ಕೆ ಬಾಯಿ ಹಾಕಿತು. ಆ ಬಾಬ್ತೂ ಮುಚ್ಚಿತು.

ಮೂರನೆಯ ತಿಂಗಳ ಹೊತ್ತಿಗೆ ಮನೆ ಮಾಲೀಕರು ದಿನಾ ಬಾಗಿಲಲ್ಲಿ ನಿಂತು ಕೆಮ್ಮತೊಡಗಿದರು. ಮಗಳ ಕಾಲೇಜಿನಿಂದ ಫೀಸಿಗೆ ಫೋನು. ನೀರಿಗಾಗಿ ಅಕ್ಕ ಎರಡು ಬೀದಿ ಆಚೆ ಹೋಗಿ ಬರುತ್ತಿದ್ದಳು, ನಮ್ಮ ಬೀದಿಯಲ್ಲಿ ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಹೊಲಿಗೆಗೆ ಬಟ್ಟೆ ಕೊಡುವುದನ್ನೂ ನಿಲ್ಲಿಸಿದ್ದರು. ನನ್ನ ಅಂಗಡಿಯಲ್ಲಿ ಉಳಿಯುವುದು ಇಂಕಿಗೇ ಸಾಲದು. ಏನು ಮಾಡಲಿ? ನಗಿಸುವ ಕಥೆ ಹೇಳುತ್ತೇನೆ ಎಂದು ಕೂತವನು ನಾನು, ಆದರೆ ಆ ದಿನಗಳಲ್ಲಿ ಅಕ್ಕನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಕೊನೆಗೆ ಹೆಲ್ತ್ ಇನ್‌ಸ್ಪೆಕ್ಟರು ಭಾವನನ್ನು ಪಕ್ಕಕ್ಕೆ ಕರೆದರು.

“ಒಂದೇ ಒಂದು ಬಾಬ್ತು ಉಳಿದಿದೆ. ದುಡ್ಡು ಮುಟ್ಟದೆ ಹಾಗೇ ಬಿದ್ದಿದೆ. ವಾರಸುದಾರರಿಲ್ಲದ ಶವಗಳ ವಿಲೇವಾರಿ.”

“ಶವ…” ಎಂದರು ಭಾವ.

“ಏನ್ಮಾಡೋದು ಹೇಳಿ. ಈ ಊರಲ್ಲಿ ಎಂಥವನು ಸತ್ತರೂ ಅಳೋಕೆ ಒಬ್ಬರು ಬಂದುಬಿಡ್ತಾರೆ, ಹಾಳಾದ್ದು. ಒಂದು ರೂಪಾಯಿ ಖರ್ಚಾಗಲ್ಲ. ನೀವು ಒಪ್ಪಿದ್ರೆ ಈ ತಿಂಗಳದ್ದು ಇದರಲ್ಲಿ ಹೊಂದಿಸ್ತೀನಿ. ಒಂದು ಅರ್ಜಿ ತುಂಬಿ, ಇವರು ನಮ್ಮವರಲ್ಲ ಅಂತ ಅಕ್ಕಪಕ್ಕದವರ ಸಹಿ ಹಾಕಿಸಿಕೊಂಡು ಬನ್ನಿ.”

ಅಕ್ಕಪಕ್ಕದವರ ಸಹಿಗೆ ಕಷ್ಟವೇ ಆಗಲಿಲ್ಲ. ಭಾವ ಸಂಕೋಚದಿಂದ ಒಂದು ಬಾಗಿಲು ತಟ್ಟಿದರು, ಇಡೀ ಬೀದಿ ಹೊರಗೆ ಬಂತು. ಟೀಚರಮ್ಮ ಕೆಂಪು ಪೆನ್ನಿನಲ್ಲಿ ಸಹಿ ಹಾಕಿದರು. ಸೈಕಲ್ ಅಂಗಡಿಯ ಯಜಮಾನರು ಕಟ್ಟು ಕಟ್ಟಿದ ಕಾಲೆಳೆದುಕೊಂಡು ಬಂದು, “ಇವನು ನಮ್ಮವನಲ್ಲ ಅಂತ ತಾನೇ? ಎರಡು ಸಲ ಹಾಕ್ತೀನಿ ಕೊಡಿ” ಎಂದರು. ಜಾಗ ಸಾಲದೆ ಕಾಗದದ ಹಿಂಬದಿಯಲ್ಲೂ ಬರೆದರು. ಭಾವ ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಿದರು.

ಆ ಅರ್ಜಿಯನ್ನು ಮೂರು ಪ್ರತಿ ಮಾಡಿಸಲು ನನ್ನ ಅಂಗಡಿಗೆ ತಂದಾಗ ನಾನು ಓದಿದೆ. ಓದಿ ಯಂತ್ರ ಆಫ್ ಮಾಡಿ, ನೇರ ಅಕ್ಕನ ಹತ್ತಿರ ಹೋದೆ.

ಅಕ್ಕ ಪೂರ್ತಿ ಕೇಳಿದಳು. ಬಾಯಲ್ಲಿ ಹಿಡಿದಿದ್ದ ಸೂಜಿ ತೆಗೆದು ದಾರದ ಉಂಡೆಗೆ ಚುಚ್ಚಿದಳು. ಕಪಾಟಿನಿಂದ ಪರ್ಸು ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ನನಗಿಂತ ಮುಂದೆ ನಡೆದಳು. ಪುರಸಭೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಅಷ್ಟರಲ್ಲಿ ಭಾವ ನನ್ನ ಪ್ರತಿಗಳಿಗೆ ಕಾಯದೆ ಮೂಲ ಅರ್ಜಿಯನ್ನೇ ಕೊಟ್ಟು, ಕೌಂಟರಿನ ಬೆಂಚಿನ ಮೇಲೆ ಟಿಫನ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

“ಇವರು ನನ್ನವರು” ಎಂದಳು ಅಕ್ಕ ಕೌಂಟರಿನ ಹೆಂಗಸಿಗೆ. “ವಾರಸುದಾರರಿಲ್ಲ ಅಂತ ಬರ್ಕೊಟ್ಟಿದಾರಂತೆ. ನಾನಿದೀನಿ. ವಾಪಸ್ ಕೊಡಿ.”

ಕೌಂಟರಿನವರು ಹೊಸಬರು, ನಿಯಮ ಬಿಟ್ಟು ಏನನ್ನೂ ಅರಿಯದವರು. ಅರ್ಜಿ ಹುಡುಕಿ ತೆಗೆದರು. “ವಾರಸುದಾರರು ಬಂದ್ರೆ ಕೊಟ್ಟುಬಿಡ್ತೀವಿ ಅಮ್ಮಾ. ಆದ್ರೆ ಪುರಸಭೆಯ ವಶದಲ್ಲಿ ಇದ್ದಷ್ಟು ದಿನಕ್ಕೆ ಶುಲ್ಕ ಕಟ್ಬೇಕು. ವಶಕ್ಕೆ ಬಂದ ದಿನಾಂಕ…” ಎಂದು ಕಾಗದದ ಮೇಲೆ ಬೆರಳು ಆಡಿಸಿ, ನಿಂತರು. ಇನ್ನೊಮ್ಮೆ ನೋಡಿದರು.

ಭಾವ ಆ ಜಾಗದಲ್ಲಿ ತಾವು ಕೆಲಸಕ್ಕೆ ಸೇರಿದ ದಿನಾಂಕ ಬರೆದಿದ್ದರು. ದುಂಡಗೆ, ಹೆಮ್ಮೆಯಿಂದ ಬರೆದಿದ್ದರು. ಕಚೇರಿಯ ಯಾವ ಅರ್ಜಿ ತುಂಬಿದರೂ ಅವರ ಕೈ ಬರೆಯುವ ದಿನಾಂಕ ಅದೊಂದೇ.

ಕ್ಯಾಲ್ಕುಲೇಟರ್ ಬಹಳ ಹೊತ್ತು ಟಕಟಕ ಎಂದಿತು. ಬಂದ ಮೊತ್ತವನ್ನು ಆಕೆ ಬಾಯಲ್ಲಿ ಹೇಳಲಿಲ್ಲ, ಯಂತ್ರವನ್ನೇ ತಿರುಗಿಸಿ ತೋರಿಸಿದರು.

“ಮೇಡಂ, ಜೀವಂತ ಕೂತಿದಾರೆ ಮೇಡಂ ಅಲ್ಲಿ!” ಎಂದು ನಾನು ಕೂಗಿದೆ.

“ಅದನ್ನ ಇನ್‌ಸ್ಪೆಕ್ಟರು ದೃಢೀಕರಿಸ್ಬೇಕು. ಅವರು ರಜೆ ಹಾಕಿ ಈಗಷ್ಟೇ ಹೊರಟ್ರು.”

“ಮನ್ನಾ ಅಂತ ಏನೂ ಇಲ್ವಾ?”

“ಇತ್ತು. ಮನ್ನಾ ಮಾಡೋದು ಇತರೇಲಿ ಬರ್ತಿತ್ತು.” ಆಕೆಗೂ ಬೇಜಾರಾದಂತೆ ಕಂಡಿತು. “ಕಂತಲ್ಲಿ ಕಟ್ಟಬಹುದು. ಮೊದಲ ಕಂತು ಕಟ್ಟಿದ್ರೆ ಇವತ್ತೇ ಬಿಡುಗಡೆ. ಕಡತ ಮುಚ್ಚುತ್ತೆ, ನಾಳೆಯಿಂದ ಇವರು ಇಲ್ಲಿಗೆ ಬರೋ ಹಾಗಿಲ್ಲ.”

ಅಕ್ಕ ಪರ್ಸು ತೆರೆದಳು. ಆಗ ಭಾವ ಎದ್ದು ಬಂದರು. ಕ್ಯಾಲ್ಕುಲೇಟರನ್ನು ಬಗ್ಗಿ ನೋಡಿದರು. ಬಾಬ್ತುವಾರು ವಿಂಗಡಿಸಿದ ಕಣ್ಣು, ತಪ್ಪು ಹುಡುಕಿತು, ಸಿಗಲಿಲ್ಲ. ಲೆಕ್ಕ ಸರಿಯಾಗಿತ್ತು.

“ಬೇಡ ಕಣೇ” ಎಂದರು ಮೆಲ್ಲಗೆ. “ಅಷ್ಟು ಬೆಲೆ ಬಾಳಲ್ಲ ನಾನು.”

“ಅದು ನನಗೆ ಮದುವೆಯಾದ ವಾರವೇ ಗೊತ್ತಾಯ್ತು” ಎಂದಳು ಅಕ್ಕ. “ಸುಮ್ನೆ ನಿಂತ್ಕೊಳ್ಳಿ.”

ಮಡಚಿದ ನೋಟುಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟಳು. ಕೌಂಟರಿನವರು ರಸೀದಿ ಹರಿದು, ಸೀಲು ಒತ್ತಿ, ಕಿಂಡಿಯಿಂದ ಹೊರಗೆ ತಳ್ಳಿದರು.

“ತಗೊಂಡು ಹೋಗಬಹುದು” ಎಂದರು.

ಅಕ್ಕ ರಸೀದಿಯನ್ನು ರವಿಕೆಯೊಳಗೆ ಸೇರಿಸಿದಳು. ಆಮೇಲೆ, ಮುಖ್ಯಾಧಿಕಾರಿ, ಅಕೌಂಟೆಂಟ್, ಇಡೀ ಕಚೇರಿ ಬಾಗಿಲಿಗೆ ಬಂದು ನೋಡುತ್ತಿರುವಾಗಲೇ, ಭಾವನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದಳು.